ಆಜಿಯ ಎಡ ಅಂಗೈ

ಕಾಸಾರಶಿರಸಿಯಲ್ಲಿ ನಿಲಂಗಾ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಕಾಳಿನ ಅಂಗಡಿಯ ನೆರಳಿಗೆ ನಿಂತ ನನ್ನನ್ನು ಮಾಲೀಕ ಒಳಗೆ ಕರೆದು ಕೂಡಿಸಿದ. ಗೋಡೆಯಿಂದ ಇಳಿಸಿದ್ದ ದೊಡ್ಡ ಬಣ್ಣದ ಚಿತ್ರದ ಮುಂದೆ ಪೇಂಟರ್ ಕುಂಚ ಹಿಡಿದು ಕಾಯುತ್ತಿದ್ದ. ತೆನೆ ತುಂಬಿದ ಜೋಳದ ಹೊಲದ ನಡುವೆ ಇಳಕಲ್ ಸೀರೆಯ ಹೆಂಗಸು ಎಡ ಅಂಗೈ ಚಾಚಿ ನಿಂತಿದ್ದಳು. ಅಂಗೈ ಮೇಲಿನ ಬಣ್ಣವಷ್ಟೇ ಪೂರ್ತಿ ಉದುರಿತ್ತು.

“ನಮ್ಮ ಆಜಿ ರೀ, ಅಪ್ಪನ ಅವ್ವ. ಕೈಯಾಗ ಏನಿತ್ತಂತೀರಿ?” ಎಂದ ಮಾಲೀಕ.

ಚಿತ್ರ ಓದುವುದರಲ್ಲಿ ನನಗೆ ಹಿಂಜರಿಕೆಯಿಲ್ಲ. “ಇಷ್ಟಲಿಂಗ,” ಅಂದೆ. “ಎಡಗೈ ನೋಡ್ರಿ, ಬಾಗಿದ ಕಣ್ಣು ನೋಡ್ರಿ. ತುಟಿಯಂಚಿನ ಆ ನಗು ಪೂಜೆಯಲ್ಲಿ ಮೈಮರೆತವರದು.”

ಮಾಲೀಕ ತಲೆದೂಗಿದ. ಪೇಂಟರ್ ಕಪ್ಪು ಬಣ್ಣ ಕಲಸತೊಡಗಿದ.

ಅಷ್ಟರಲ್ಲಿ ಚಹಾ ತಂದ ಮಾಲೀಕನ ತಾಯಿ ಬಗ್ಗಿ, ಸೀರೆಯಂಚಿನ ಕೆಳಗೆ ಬೆರಳಿಟ್ಟು ತೋರಿಸಿದರು.

“ಕಾಲಾಗ ಚಪ್ಪಲ್ ಅವ. ಚಪ್ಪಲ್ ಹಾಕ್ಕೊಂಡು ಯಾರರೆ ಲಿಂಗಪೂಜಿ ಮಾಡ್ತಾರೇನ್ರೀ?”

ನನ್ನ ಕಣ್ಣು ಆ ಪಾದಗಳವರೆಗೆ ಇಳಿದೇ ಇರಲಿಲ್ಲ. ಅವರು ಚೀಲದಿಂದ ಒಂದು ಹಿಡಿ ಜೋಳ ತೆಗೆದು ಪೇಂಟರನ ಅಂಗೈಗೆ ಸುರಿದರು.

“ಕೈಯಾಗ ಇದನ್ನ ಬರಿಯಪ್ಪಾ. ನಮ್ಮತ್ತಿಯವರು ಹೊಲಕ್ಕೇ ಹೋಗಿ, ಕಾಳು ನೋಡೇ ಖರೀದಿ ಮಾಡ್ತಿದ್ರು.”

“ಮತ್ತೆ ಆ ನಗು?” ನಾನೂ ಬಿಡಲಿಲ್ಲ.

ಅವರು ಒಂದು ಕಾಳನ್ನು ದವಡೆಗಿಟ್ಟು ಕಟಕ್ಕನೆ ಕಡಿದರು. ತುಟಿಯಂಚು ಚಿತ್ರದಲ್ಲಿದ್ದಂತೆಯೇ ಮೇಲೆದ್ದಿತು.

“ನಗು ಎಲ್ಲೀದು ರೀ? ಕಾಳು ಒಣಗ್ಯಾದೋ ಇಲ್ಲೋ, ಕಡದು ನೋಡ್ಲತ್ತಾರ.”