ಅವ್ವನ ಹುರಿಹಿಟ್ಟು

ರಾಗಿ ತಿನ್ನುವ ಸೀಮೆಯಲ್ಲಿ ಹುಟ್ಟಿ ಗೋಧಿಯಿಂದ ಕಾಯಿಲೆ ಬೀಳುವುದಕ್ಕೂ ಪಡೆದು ಬಂದಿರಬೇಕು. ಮೈಸೂರಿನ ಡಾಕ್ಟರು ಸೀಲಿಯಾಕ್ ಎಂದು ಹೆಸರು ಹೇಳಿದರು. ಗೋಧಿಯಲ್ಲಿರುವ ಗ್ಲುಟನ್ ಒಳಗೆ ಹೋದರೆ ನನ್ನ ಮೈಯೇ ನನ್ನ ಕರುಳಿನ ಮೇಲೆ ಬೀಳುತ್ತದಂತೆ. ಔಷಧವಿಲ್ಲ, ಇರುವಷ್ಟು ದಿನ ಪಥ್ಯವೇ ಗತಿ ಎಂದರು. ನಾನು ಅಷ್ಟೇನೂ ಹೆದರಲಿಲ್ಲ. ಮುದ್ದೆ ಇದೆ, ಅನ್ನ ಇದೆ, ಚಪಾತಿ ಹಾಳಾಗಿ ಹೋಗಲಿ ಅಂದುಕೊಂಡೆ. ಹನೂರಿನ ನಮ್ಮ ಆಫೀಸಿನಲ್ಲೂ ನಕ್ಕರು. "ನಮ್ ಕಡೆ ಗೋದಿ ಬುಡದೂ ಒಂದ್ ಪಥ್ಯನಾ ಮೇಡಂ?"

ಬಿಡುವುದಕ್ಕೆ ಹೊರಟ ಮೇಲೆ ಗೊತ್ತಾಯಿತು. ಉಪ್ಪಿಟ್ಟು, ಶಾವಿಗೆ, ಬಿಸ್ಕತ್ತು ಕಣ್ಣಿಗೆ ಕಾಣುತ್ತವೆ. ಒಗ್ಗರಣೆಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ಯಾವ ಪುಣ್ಯಾತ್ಮ ಹೇಳಿದ್ದ? ಡಬ್ಬಿ ಬಿಸಾಡಿದೆ. ಮಿಲ್ಲಿನಲ್ಲಿ ನಮ್ಮ ರಾಗಿಗೆ ಮುಂಚೆ ಯಾರದೋ ಗೋಧಿ ಬಿದ್ದಿರುತ್ತದೆಂದು ಮುದ್ದೆಯನ್ನೂ ಬಿಟ್ಟು ಅನ್ನಕ್ಕೇ ನಿಂತೆ. ಯಳಂದೂರಿನಲ್ಲಿ ಗಂಡನ ಕಡೆಯವರ ಮದುವೆಗೆ ಹೋಗಿ, ಪಂಕ್ತಿಯಲ್ಲಿ ಕೂತು ಬರೀ ಬಾಳೆಹಣ್ಣು ತಿಂದು ಎದ್ದು, ಜಂಬದವಳು ಅನ್ನಿಸಿಕೊಂಡೂ ಬಂದೆ.

ಆದರೂ ವಾಸಿಯಾಗಲಿಲ್ಲ. ಭೇದಿ ನಿಲ್ಲಲಿಲ್ಲ, ಬಾಚಿದರೆ ಕೂದಲು ಬಾಚಣಿಗೆಗೇ ಬರುತ್ತಿತ್ತು, ರವಿಕೆಗಳೆಲ್ಲ ದೊಗಳೆಯಾದವು. ರಕ್ತಪರೀಕ್ಷೆಯ ರಿಪೋರ್ಟು ನೋಡಿದ ಡಾಕ್ಟರು, "ಏನೋ ಕದ್ದು ತಿಂತಿದೀರಿ" ಅಂದುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಗಂಡನೂ ಮೆಲ್ಲಗೆ, "ಬೇಕರಿಗೇನಾದ್ರೂ ಹೋಗ್ತಿದ್ಯಾ? ಬೈಯಲ್ಲ, ಹೇಳು" ಎಂದರು. ಮೈಯೆಲ್ಲ ಉರಿದುಹೋಯಿತು. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ನಾನು ಊಟವನ್ನೇ ಬಿಟ್ಟಿದ್ದೆ, ರೋಗ ಮಾತ್ರ ಕದಲಿರಲಿಲ್ಲ. ಹೀಗೆ ಬದುಕಿ ಏನಾಗಬೇಕು ಎಂದು ಕೊಳ್ಳೇಗಾಲ ಬರುವವರೆಗೂ ಅತ್ತೆ.

ಆ ದಿನಗಳಲ್ಲಿ ಅನ್ನ ಬಿಟ್ಟರೆ ನಾನು ಹೆದರದೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದದ್ದು ಅವ್ವನ ಹುರಿಹಿಟ್ಟು ಒಂದೇ. ನನ್ನ ತವರು ಕಾಮಗೆರೆ. ಕೊಳ್ಳೇಗಾಲದ ನಮ್ಮ ಮನೆಯಿಂದ ಹನೂರಿನ ಆಫೀಸಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ. ಅವ್ವ ರಸ್ತೆ ಬದಿಯಲ್ಲಿ ಕಾದಿದ್ದು ಕಿಟಕಿಯಿಂದ ಡಬ್ಬ ಕೊಡುತ್ತಿದ್ದಳು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುರಿದು, ಮಿಲ್ಲಿಗೆ ಕೊಡದೆ ತನ್ನ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯುತ್ತಿದ್ದಳು. ನಾನು ಅದರಲ್ಲೇ ಗಂಜಿ ಕಾಸಿ ಎರಡು ಹೊತ್ತು ಕುಡಿಯುತ್ತಿದ್ದೆ.

ಒಂದು ರಜೆಯ ದಿನ ಹೇಳದೆ ಕೇಳದೆ ತವರಿಗೆ ಹೋದೆ. ಅಂಗಳದಲ್ಲಿ ಪಂಚೆಯ ಮೇಲೆ ಮೊಳಕೆ ರಾಗಿ ಒಣಗುತ್ತಿತ್ತು. ಪಕ್ಕದ ಮೊರದಲ್ಲಿ ಬೆಳ್ಳಗೆ ಮೊಳಕೆ ಬಂದ ಗೋಧಿ.

"ಇದ್ಯಾರಿಗವ್ವ?"

"ಇನ್ಯಾರ್ಗೆ, ನಿಂಗೆ. ಬರೀ ರಾಗೀಲಿ ಏನ್ ಸಕ್ತಿ ಬಂದದು? ಒಂದ್ ಇಡಿ ಗೋದಿ ಆಕ್ತೀನಿ."

"ಗೋಧಿ ಮುಟ್ಟಬಾರದು ಅಂತ ಹೇಳಿದ್ನಲ್ಲವ್ವ!"

"ಚಪಾತಿ, ರವೆ ಬ್ಯಾಡ ಅಂದೆ. ಇದು ಮೊಳಕೆ ಕಟ್ಟಿದ್ದು ಕಣವ್ವ. ಮೊಳಕೆ ಬಂದ್ಮೇಲೆ ಕಾಳಿನ್ ಗುಣಾನೇ ಬ್ಯಾರೆ. ಹಾಲ್ ಕುಡ್ಯೋ ಮಗೀಗೂ ಕೊಟ್ಟಾರು. ನೀನು ಸೊರಗ್ತಾ ಬಂದಂಗೆಲ್ಲ ಇನ್ನೊಂದ್ ಇಡಿ ಜಾಸ್ತೀನೇ ಆಕ್ದೆ."

ನಾನು ಜಗುಲಿಯ ಮೇಲೆ ಕೂತೆ. ಬೈಯುವುದಾದರೂ ಯಾರನ್ನು? ಮೊಳಕೆಯಲ್ಲೂ ಅದೇ ಗೋಧಿ, ಅದೇ ನನ್ನ ಕರುಳನ್ನು ತಿಂದದ್ದು ಎಂದು ಹೇಳಿದೆ. ಹೇಳಲೇಬೇಕಿತ್ತು, ಹೇಳದಿದ್ದರೆ ನಾನು ಉಳಿಯುತ್ತಿರಲಿಲ್ಲ. ಅವ್ವ ಮೊರ ಹಿಡಿದುಕೊಂಡೇ ನಿಂತಿದ್ದಳು.

"ಅಂಗಾರೆ ಇಷ್ಟ್ ದಿನ ನಾನೇ..." ಅಂದಳು.

ಆಮೇಲೆ ಡಬ್ಬ ಬರಲಿಲ್ಲ. ರಸ್ತೆ ಬದಿಗೂ ಅವ್ವ ಬರಲಿಲ್ಲ. ಕೆಲವು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದಾಗ ರಿಪೋರ್ಟು ಚೆನ್ನಾಗಿ ಬಂತು. ಡಾಕ್ಟರು ಮೊದಲ ಸಲ ನಕ್ಕರು, ಗಂಡ ಹೂವು ಕೊಡಿಸಿದರು. ನನಗೆ ಮಾತ್ರ ಎದೆ ಒಡೆದಂತಾಯಿತು. ನಾನು ವಾಸಿಯಾಗುತ್ತಿದ್ದೇನೆ ಎಂದರೆ, ಕೆಡಿಸಿದ್ದು ಅವ್ವನೇ ಎಂದು ರುಜುವಾತಾದಂತೆ. ಅವಳಿಗೆ ಹೇಳುವುದೇ ಬೇಡ ಎಂದುಕೊಂಡೆ. ಮೈ ಕೇಳಬೇಕಲ್ಲ. ತವರಿಗೆ ಹೋದಾಗ ತುಂಬಿಕೊಂಡ ನನ್ನ ಕೆನ್ನೆಯನ್ನು ಅವ್ವ ಹೊಸ್ತಿಲಲ್ಲೇ ನೋಡಿದಳು.

"ನಂದು ಬುಟ್ಮೇಲೆ ವಾಸಿ ಆಯ್ತಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಒಳ್ಳೇದಾಯ್ತು ಬುಡು" ಅಂದಳು. ಆ ದನಿಯಲ್ಲಿ ಸಂತೋಷವೂ ಇತ್ತು, ಅದನ್ನು ಕೇಳಲು ನನ್ನಿಂದಾಗಲಿಲ್ಲ.

ಊಟಕ್ಕೆ ಕೂತೆವು. ಅಪ್ಪನಿಗೆ ಮುದ್ದೆ ಹಾಕಿ ಸಾರು ಬಿಟ್ಟಳು. ನನ್ನ ತಟ್ಟೆಯ ಮುಂದೆ ಅನ್ನದ ಪಾತ್ರೆಯನ್ನೇ ತಳ್ಳಿದಳು.

"ನೀನೇ ಬಡಿಸ್ಕೊ ಕಣವ್ವ. ನನ್ ಕೈ ಬ್ಯಾಡ."

ಎಷ್ಟು ಬೇಡಿದರೂ ಸೌಟು ಮುಟ್ಟಲಿಲ್ಲ. ತವರಿನಲ್ಲಿ ಕೂತು ನಾನೇ ಬಡಿಸಿಕೊಂಡು ಉಂಡೆ. ಅವ್ವ ಗೋಡೆಗೆ ಒರಗಿ, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ನೋಡುತ್ತ ಕೂತಿದ್ದಳು.