ಅವ್ವನ ಬಾವಿಗೊಂದು ಇಂಗ್ಲಿಷ್ ಪದ

ತುರ್ವಿಹಾಳದ ನಮ್ಮ ಹೊಲದಲ್ಲಿ, ಬಾವಿಯ ಪಕ್ಕಕ್ಕೇ, ಕಾಲುವೆ ಸರ್ವೇದವರು ಕೆಂಪು ಬಣ್ಣದ ಗೂಟ ಹೊಡೆದು ಹೋಗಿದ್ದರು. ಕಾಲುವೆ ಆ ಗೆರೆಯಲ್ಲೇ ಬಂದರೆ ಬಾವಿ ಮುಚ್ಚಿಹೋಗುತ್ತಿತ್ತು. ಸುತ್ತಲಿನ ಬಾವಿಗಳೆಲ್ಲ ಸವುಳು. ಸಿಹಿ ನೀರಿದ್ದದ್ದು ಅದೊಂದರಲ್ಲೇ. ಗೆರೆಯನ್ನು ತುಸು ಆಚೆ ಸರಿಸಿ ಎಂದು ಕೇಳಬೇಕಿತ್ತು.

ನಿಜಾಮರ ಆಳ್ವಿಕೆ ಹೋಗಿ, ಸಿಂಧನೂರಿಗೆ ಉರ್ದು ಬಾರದ ಹೊಸ ಸಾಹೇಬರು ಬಂದಿದ್ದರು. ಅರ್ಜಿ ಇಂಗ್ಲಿಷಿನಲ್ಲೇ ಬೇಕು. ಊರಲ್ಲಿ ಇಂಗ್ಲಿಷಿನ ಹುಚ್ಚು ಹಿಡಿದವನು ನಾನೊಬ್ಬನೇ. ಮೇಷ್ಟ್ರಿಲ್ಲ, ಒಂದು ಹರಕು ಡಿಕ್ಷನರಿ ಮಾತ್ರ. ಅದರಲ್ಲಿ ಸಿಕ್ಕಿದ ‘ರಿಲಿಂಕ್ವಿಶ್’ ನನ್ನ ಬಾಯಿಗೆ ಬಲು ರುಚಿಸಿತ್ತು. ಎತ್ತು ಮೇಯಿಸುವಾಗಲೂ ಅದನ್ನೇ ಅನ್ನುತ್ತಿದ್ದೆ.

ನಮ್ಮ ಕಡೆಯ ಅರ್ಜಿಗೆ ಒಂದು ರೀತಿಯಿತ್ತು. ಮೊದಲು ಹೊಲ, ಮನೆ, ಜೀವ ಎಲ್ಲವನ್ನೂ ಹುಜೂರರ ಪಾದಕ್ಕೆ ಒಪ್ಪಿಸಬೇಕು, ಬೇಡುವುದು ಆಮೇಲೆ. ಅದು ಬರೀ ಮರ್ಯಾದೆಯ ಮಾತೆಂದು ಬರೆಯುವವನಿಗೂ ಗೊತ್ತು, ಓದುವವನಿಗೂ ಗೊತ್ತು. ರಿಲಿಂಕ್ವಿಶ್ ಅಂದರೆ ಬಿಟ್ಟುಕೊಡು ಎಂದಿತ್ತು ಡಿಕ್ಷನರಿ. ಪಾದಕ್ಕೆ ಒಪ್ಪಿಸಲು ಇದಕ್ಕಿಂತ ಘನವಾದ ಪದ ಬೇಕೆ ಎಂದು, ಅವ್ವನ ಹೆಸರಲ್ಲಿ ಬಾವಿಯನ್ನೂ ಸೇರಿಸಿ, ಮೊದಲ ಸಾಲಿನಲ್ಲೇ ಕೂಡಿಸಿದೆ.

ಸಾಹೇಬರು ನಮ್ಮೂರಿಗೆ ಬಂದು ಡೇರೆ ಹಾಕಿದ ದಿನ ಅರ್ಜಿ ಒಳಗೆ ಕಳಿಸಿ, ಅವ್ವನೂ ನಾನೂ ಹೊರಗೆ ಕಾದು ನಿಂತೆವು. ಡೇರೆಯಿಂದ ಗುಮಾಸ್ತ ಹೊರಗೆ ಬಂದ. “ತಮ್ಮಾ, ನಿಮ್ಮವ್ವ ಬಾವಿ ಮ್ಯಾಲಿನ ಹಕ್ಕು ಬಿಟ್ಟುಕೊಟ್ಟಾಳಂತ ಬರದೀಯಲ್ಲ. ಸಾಹೇಬ್ರು ಖುಷಿ ಆಗ್ಯಾರ. ಹೆಬ್ಬೆಟ್ಟು ಒತ್ತಿಸು.”

ಅವ್ವ ಸೆರಗಿನೊಳಗೆ ಕೈ ಮುಚ್ಚಿಕೊಂಡಳು. “ಯಾರ್ರೀ ಬಿಟ್ಟುಕೊಟ್ಟಾರ? ಬಾವಿ ಏನು ಉಳ್ಳಾಗಡ್ಡಿ ಏನ್ರಿ, ಕೇಳಿದೋರಿಗೆ ಕೊಡಾಕ?”

“ಅದು ಅದಬಿನ ಮಾತ್ರೀ, ಮರ್ಯಾದಿಗೆ ಬರದದ್ದು,” ಎಂದೆ.

“ಇಂಗ್ಲಿಷಿನ್ಯಾಗ ಅದಬು ಇಲ್ಲೋ ಮಾರಾಯ. ಬರದದ್ದೇ ಖರೇ. ಸಾಹೇಬ್ರು ಈಗ ಮಸ್ಕಿಗೆ ಹೊಂಟಾರ. ಬ್ಯಾರೆ ಬರೀತಿದ್ರ ಲಗೂನ ಬರಿ.”

ಡೇರೆಯ ಹಿಂದೆ ಕೂತು ಡಿಕ್ಷನರಿ ತಿರುವಿದೆ. ಅವಸರಕ್ಕೆ ಒಂದು ಹಾಳೆ ಹರಿಯಿತು. ಬೇಡುವ ಪದಗಳೇ ಸಿಕ್ಕವು. ಈಗ ಎಲ್ಲದರ ಮೇಲೂ ಅನುಮಾನ. ಅಷ್ಟರಲ್ಲಿ ಜೀಪು ಸ್ಟಾರ್ಟ್ ಆದ ಸದ್ದು.

“ಅವ್ವಾ, ಬಾವೀನ ನೀ ಏನ್ ಮಾಡಬೇಕಂತಿ, ಒಂದ ಮಾತಿನ್ಯಾಗ ಹೇಳು.”

“ಏನ್ ಮಾಡೂದು? ನಂದೇ ಐತಿ, ನಾನೇ ಇಟ್ಗೊಂತೀನಿ. ಕೈ ಬಿಡಂಗಿಲ್ಲ.”

‘ಕೀಪ್’ ಗೊತ್ತಿತ್ತು. ಆದರೆ ಯಾರೋ ಕೊಟ್ಟದ್ದನ್ನು ಇಟ್ಟುಕೊಂಡರೂ ಕೀಪೇ. ತನ್ನದೇ ಆದದ್ದನ್ನು, ಬೇರೆಯವರು ಕೇಳಿದಾಗಲೂ, ಬಿಡದೆ ಉಳಿಸಿಕೊಳ್ಳುವುದಕ್ಕೆ ಪದ ಬೇಕಿತ್ತು. ‘ರಿಟೇನ್’ ಕಣ್ಣಿಗೆ ಬಿತ್ತು. ಸಪ್ಪೆ ಪದವೆಂದು ಹಿಂದೆ ದಾಟಿ ಹೋಗಿದ್ದೆ. ಪಾದಗೀದ ಬಿಟ್ಟು ನೇರ ಬರೆದೆ: ಈ ಬಾವಿಯನ್ನು ರಿಟೇನ್ ಮಾಡಿಕೊಳ್ಳುತ್ತೇವೆ, ಗೆರೆ ಸರಿಸಿ.

“ಶರಣು ಅಂತ ಬರದೀಯಿಲ್ಲೋ?” ಅವ್ವ ಹೆದರಿದಳು.

“ಇಲ್ಲವ್ವ.”

ಜೀಪಿನ ಜೊತೆ ಓಡಿ ಕಾಗದ ಒಳಗೆ ಚಾಚಿದೆ. ಸಾಹೇಬರು ಓದಿದರು, ನಗಲಿಲ್ಲ. ಹಳೇ ಅರ್ಜಿಯನ್ನು ನನ್ನ ಕೈಗೆ ತುರುಕಿ ಹೊಸದನ್ನು ಫೈಲಿಗೆ ಹಾಕಿದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಧೂಳಷ್ಟೇ ಉಳಿಯಿತು.

ಮರುದಿನ ಗೂಟ ಅಲ್ಲೇ ಇತ್ತು. ವಾರ ಕಳೆದರೂ ಇತ್ತು. ನನಗೆ ಊಟ ಸೇರುತ್ತಿರಲಿಲ್ಲ. ಅವ್ವ ನೀರು ಸೇದಿ, ಒದ್ದೆ ಹಗ್ಗವನ್ನು ಆ ಗೂಟಕ್ಕೇ ಸುತ್ತತೊಡಗಿದಳು.

“ಅದು ಸರಕಾರದ ಗೂಟ ಅವ್ವಾ.”

“ಬಾವಿ ಬೇಕನ್ನೋರು ಬಂದು ಬಿಚ್ಚಲಿ. ಅಲ್ಲೀತನ ನನ್ನ ಹಗ್ಗ ಒಣಗಲಿ.”