ಹೊಡೆಯದೆ ಆಡಿದ ಪದ್ದಕ್ಕ

ರಾಕ್ಷಸರನ್ನು ಕೊಲ್ಲುವುದಕ್ಕೆಂದೇ ಜಪಾನಿನವರು ಮಾಡಿದ ವಿಡಿಯೋ ಗೇಮನ್ನು ಒಂದು ಸೊಳ್ಳೆಯನ್ನೂ ಕೊಲ್ಲದೆ ಆಡಿದವಳು ನಮ್ಮ ಪದ್ದಕ್ಕ. ನಾಲ್ವರು ಪ್ರಯಾಣಿಕರು ಒಂದು ದೇಶವನ್ನು ನಡೆದು ದಾಟುವ ಆಟ ಅದು. ಹುಲ್ಲಿನೊಳಗಿಂದ ಕಪ್ಪೆ, ತೋಳ, ಭೂತ ಎದ್ದು ಬರುತ್ತವೆ. ಅವುಗಳನ್ನು ಹೊಡೆದಷ್ಟೂ ನಮ್ಮವರಿಗೆ ಬಲ ಬರುತ್ತದೆ. ಪದ್ದಕ್ಕ ಮಾತ್ರ ಪ್ರತಿ ಸಲವೂ ಓಡುವ ಬಟನ್ ಒತ್ತಿ ಪಾರಾಗುತ್ತಿದ್ದಳು.

ಅವಳು ನನ್ನ ದೊಡ್ಡಪ್ಪನ ಮಗಳು. ಮೂಡಲಗಿಯಲ್ಲಿ ಅವರದು ಕಾಳಿನ ಅಂಗಡಿ. ಜೈನರ ಮನೆ, ಕಡಲೆಗೆ ಹುಳ ಬಿದ್ದರೆ ಜರಡಿ ಹಿಡಿದು, ಹುಳಗಳನ್ನು ಒಂದು ಹಿಡಿ ಕಾಳಿನ ಸಮೇತ ಹಿತ್ತಲ ನೆರಳಿನಲ್ಲಿ ಬಿಟ್ಟುಬರುವುದು ಪದ್ದಕ್ಕನ ಕೆಲಸ. ರಜೆಗೆಂದು ಗೋಕಾಕದಿಂದ ಹೋದ ನಾನು ಒಮ್ಮೆ ಸಹಾಯಕ್ಕೆ ನಿಂತು, ಕಾಳನ್ನು ಹಿತ್ತಲಿಗೆ ಸುರಿದು ಹುಳಗಳನ್ನು ಡಬ್ಬಿಗೆ ತುಂಬಿದ್ದೆ. ಮೂಡಲಗಿಯ ಹುಳಗಳಲ್ಲಿ ನನಗೆ ಇವತ್ತಿಗೂ ಒಳ್ಳೆಯ ಹೆಸರಿದೆ.

ಆಟ ಆಡುವಾಗಲೂ ಅವಳದು ಅದೇ ನ್ಯಾಯ. ‘ಅವು ನಮ್ಮ ಹಾದ್ಯಾಗ ಬಂದಿಲ್ಲೋ. ನಾವ ಅವುಗಳ ಹುಲ್ಲಾಗ ಹೊಕ್ಕೇವಿ. ಬ್ಯಾರೇದವರ ಮನ್ಯಾಗ ಹೊಕ್ಕು ಬಡಿಯೂದು ಏನ್ ಧೈರ್ಯ?’

ನಾನು ಧೈರ್ಯವಂತ. ನಮ್ಮವರಿಗೆ ಕೊಡಬೇಕಾದ ಔಷಧಿಯನ್ನು ಕಪ್ಪೆಗೆ ಕುಡಿಸಿ, ಗಟ್ಟಿಮುಟ್ಟಾದ ಆ ಕಪ್ಪೆಯಿಂದಲೇ ಒದೆ ತಿಂದು ಸಾಯುತ್ತಿದ್ದೆ. ಅವಳು ಓಡಿ ಓಡಿ ನನಗಿಂತ ಎಷ್ಟೋ ಊರು ಮುಂದಿರುತ್ತಿದ್ದಳು. ಆದರೆ ನದಿಯ ಸೇತುವೆಯ ಮೇಲೆ ಒಂದು ದೊಡ್ಡ ಹಾವು ಕೂತಿತ್ತು. ಅದರ ಎದುರು ಓಡುವ ಬಟನ್ ನಡೆಯುತ್ತಿರಲಿಲ್ಲ. ಅವಳ ಆಟ ಅಲ್ಲಿಗೇ ನಿಂತಿತು. ಮುಂದೆ ಅವಳು ಮದುವೆಯಾಗಿ ಹುಕ್ಕೇರಿಗೆ ಹೋದಳು, ಗೇಮು ಅಟ್ಟ ಸೇರಿತು.

ಹೋದ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್ ಕಾಣಿಸಿತು. ಬೆಳಗಾವಿಯ ಡಾಕ್ಟರು ಕೊನೆಗೆ ‘ಮನಿಗೆ ಕರಕೊಂಡ ಹೋಗ್ರಿ’ ಎಂದರು. ನಾನು ಹುಕ್ಕೇರಿಗೆ ನೋಡಲು ಹೋದಾಗ ಹೊದಿಕೆಯೊಳಗೆ ಅವಳನ್ನು ಹುಡುಕಬೇಕಾಯಿತು. ಏನು ಮಾತಾಡಬೇಕೋ ತಿಳಿಯದೆ ‘ಅಕ್ಕಾ, ಭಾಳ ಸಣ್ಣ ಆಗೀಯಲ್ಲ, ಡಯಟ್ ಮಾಡಾಕತ್ತೀಯೇನು?’ ಎಂದುಬಿಟ್ಟೆ. ಅವಳ ಗಂಡ, ನಮ್ಮ ಮಾಮಾ, ನನ್ನನ್ನು ಕಿಟಕಿಯಿಂದ ಎಸೆಯುವವರಂತೆ ನೋಡಿದರು. ಪದ್ದಕ್ಕ ನಕ್ಕಳು. ‘ಇರ್ಲಿ ಬಿಡ್ರಿ. ಇಂಥಾ ಹುಚ್ಚಪ್ಯಾಲಿ ಒಂದು ಮನಿಗೆ ಬೇಕ.’

ಆ ಹಳೆಯ ಆಟ ಈಗ ಫೋನಿನಲ್ಲೇ ಸಿಗುತ್ತದೆ. ತೋರಿಸಿದೆ. ಬಹಳ ಹೊತ್ತು ನೋಡಿದಳು. ‘ಆ ಬ್ರಿಜ್ಜಿನ ಆಚಿಕಡೆ ಏನೈತಿ ನೋಡಬೇಕೋ,’ ಎಂದಳು. ಅಷ್ಟು ದಿನ ಮಲಗಿದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಗೋಕಾಕಕ್ಕೆ ಮರಳುವ ಬಸ್ಸಿನಲ್ಲೇ ನಾನು ಕಪ್ಪೆಗಳ ಮೇಲೆ ಬಿದ್ದೆ. ಮುಂದಿನ ಭಾನುವಾರ ನಾಲ್ವರು ಪೈಲ್ವಾನರನ್ನು ಫೋನಿನಲ್ಲಿಟ್ಟುಕೊಂಡು ಹೋದೆ.

‘ಇವ್ರಿಗೆ ಇಷ್ಟ ಶಕ್ತಿ ಹೆಂಗ ಬಂತು? ಯಾರ್‌ನ ಬಡದಿ?’

‘ಯಾರ್‌ನೂ ಇಲ್ಲಕ್ಕಾ. ಹಾಲು ತುಪ್ಪ ಹಾಕೇನಿ.’

‘ಅಳಸು.’

ಅಳಿಸಿದೆ. ಮೊದಲಿನಿಂದ ಓಡಲು ಶುರುಮಾಡಿದೆವು. ಅವಳ ಹೆಬ್ಬೆರಳಿಗೆ ಬಲವಿರಲಿಲ್ಲ; ಅವಳು ‘ಓಡು’ ಎಂದಾಗ ನಾನು ಒತ್ತುತ್ತಿದ್ದೆ. ಕೆಲವು ವಾರಗಳ ಮೇಲೆ ಸೇತುವೆ ಬಂತು. ಹಾವು ನಾಲ್ವರನ್ನೂ ಒಬ್ಬೊಬ್ಬರಾಗಿ ನುಂಗಿತು. ಮತ್ತೆ ಹೋದೆವು, ಮತ್ತೆ ನುಂಗಿತು. ಪದ್ದಕ್ಕ ಕಣ್ಣು ಕೀಳದೆ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

‘ಬಡಿಯೋ ತಮ್ಮಾ. ನನಗ ಆ ಕಡೆ ನೋಡೂದೈತಿ.’

ಫೋನನ್ನು ಜೇಬಿಗಿಟ್ಟು ಗೋಕಾಕಕ್ಕೆ ಮರಳಿದೆ.

ಕೆಲಸಕ್ಕೆ ರಜೆ ಹಾಕಿ ಕೊಂದೆ. ಕಪ್ಪೆ, ತೋಳ, ತನ್ನ ಪಾಡಿಗೆ ತಾನು ಹೊರಟಿದ್ದ ಬಡಪಾಯಿ ಭೂತ, ಯಾವುದನ್ನೂ ಬಿಡಲಿಲ್ಲ. ಹುಕ್ಕೇರಿಯಲ್ಲಿ, ಅವಳ ಹಾಸಿಗೆಯ ಪಕ್ಕ ಕೂತು ಆಡಿದಾಗ, ಹಾವು ಒಂದೇ ಏಟಿಗೆ ಸತ್ತಿತು. ಏಟು ಬೀಳುವಾಗ ಪದ್ದಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

‘ಇದಕ್ಕ ಎಷ್ಟ ಜೀವಾ ತಗದ್ಯೋ?’

‘ಕಪ್ಪಿ ವಂಶಾನ ನಿರ್ವಂಶ ಆತಕ್ಕಾ.’

‘ಆ ಪಾಪದಾಗ ಅರ್ಧಾ ನಂದು,’ ಎಂದಳು. ನಗಲಿಲ್ಲ.

ಸೇತುವೆಯ ಆಚೆ ಇದ್ದದ್ದು ಒಂದು ಸಣ್ಣ ಊರು, ಒಂದು ಛತ್ರ. ಛತ್ರದಲ್ಲಿ ಮಲಗಿ ಎದ್ದರೆ ಪ್ರಯಾಣಿಕರ ಗಾಯವೆಲ್ಲ ವಾಸಿಯಾಗುತ್ತದೆ, ಆಟದ ನಿಯಮ ಅದು. ಅವಳಿಗೆ ಹೇಳಿದೆ.

‘ಖರೇನ? ಎಲ್ಲಾ ಗಾಯಾನೂ?’

‘ಎಲ್ಲಾ.’

‘ಹಂಗಾರ ಇಲ್ಲೇ ಮಲಗಸು. ಮುಂದ ಹೋದ್ರ ಮತ್ತ ಬಡಿಯೂದ ಇರತೈತಿ.’

ಮಲಗಿಸಿದೆ. ಪರದೆ ಕಪ್ಪಾಗಿ ಜೋಗುಳದಂಥ ರಾಗ ಶುರುವಾಯಿತು. ಆಟದೊಳಗೆ ಬೆಳಗಾಗುವ ಮೊದಲೇ ಅಲ್ಲಿಗೇ ತಡೆದು ನಿಲ್ಲಿಸಿದೆ. ಪದ್ದಕ್ಕನಿಗೆ ನಿದ್ದೆ ಹತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವಳು ಬಾಯಿಗೆ ಏನೂ ಹಾಕುವವಳಲ್ಲ. ಮಾಮಾ ಗಂಜಿಯ ಬಟ್ಟಲು ಹಿಡಿದು, ಕಿಟಕಿಯಲ್ಲಿ ಇಳಿಯುವ ಬಿಸಿಲನ್ನು ನೋಡುತ್ತ ನಿಂತರು. ಎಬ್ಬಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ನಾನು ಬಸ್ಸು ಹಿಡಿದೆ.

ಗುರುವಾರ ಮಾಮಾ ಫೋನ್ ಮಾಡಿದರು. ‘ನಿಮ್ಮಕ್ಕ ಹೋದಳಪಾ,’ ಎಂದರು, ಅಷ್ಟೇ.

ಜಾಗ ಸಾಲದು, ಆಡದ ಆಟ ತೆಗೆದುಹಾಕು ಎಂದು ನನ್ನ ಫೋನು ದಿನಾ ಗೋಳಾಡುತ್ತದೆ. ಆ ನಾಲ್ವರೂ ಅದರಲ್ಲಿ ಇನ್ನೂ ಮಲಗಿದ್ದಾರೆ. ನಾನು ಎಬ್ಬಿಸಿಲ್ಲ.